ಅರ್ಕಾವತಿಯ ಕವಲುಗಳು

ನಂದಿಬೆಟ್ಟದ ಸಾಲಿನ ಮೇಲೆ ಬಿದ್ದ ಮಳೆ ಎತ್ತ ಹರಿಯಬೇಕೆಂಬುದು ಅದು ಯಾವ ಇಳಿಜಾರಿಗೆ ಬಿತ್ತು ಎನ್ನುವುದರ ಮೇಲೆ ನಿಂತಿದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟ, ಅದರ ಅಕ್ಕಪಕ್ಕದ ಗುಡ್ಡಗಳು ಸೇರಿ ಮೈಸೂರು ಪ್ರಸ್ಥಭೂಮಿಯ ಪೂರ್ವ ಅಂಚಿನಲ್ಲಿ ದೊಡ್ಡದೊಂದು ನೀರಿನ ವಿಂಗಡಣೆಯನ್ನೇ ನಡೆಸುತ್ತವೆ. ಉತ್ತರಕ್ಕೆ ಇಳಿದದ್ದು ಉತ್ತರ ಪಿನಾಕಿನಿ, ಚಿತ್ರಾವತಿ ಎನಿಸಿಕೊಂಡು ಆಂಧ್ರದ ಕಡೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಯಾಗಿ ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನು ಹಾದು ಹೊಸೂರಿನ ಬಳಿ ತಮಿಳುನಾಡಿಗೆ ಕಾಲಿಡುತ್ತದೆ. ನೈಋತ್ಯಕ್ಕೆ ಇಳಿದದ್ದೇ ಅರ್ಕಾವತಿ. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರಗಳ ಮೂಲಕ ಸುಮಾರು 190 ಕಿ.ಮೀ. ನಡೆದು ಮೇಕೆದಾಟಿಗೆ ಮುನ್ನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ದಾರಿಯಲ್ಲಿ ಅದಕ್ಕೆ ಕೈಜೋಡಿಸುವ ಹೊಳೆಗಳು ಮೂರು. ಶಿವಗಂಗೆಯ ಬೆಟ್ಟದಲ್ಲಿ ಹುಟ್ಟಿ ನೆಲಮಂಗಲ ತಾಲ್ಲೂಕನ್ನು ಸುತ್ತಿ ತಿಪ್ಪಗೊಂಡನಹಳ್ಳಿಗೆ ಬರುವ ಕುಮುದ್ವತಿ, ಬೆಂಗಳೂರಿನ ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ವೃಷಭಾವತಿ, ಬನ್ನೇರುಘಟ್ಟದ ಕಾಡಿನಿಂದ ಇಳಿಯುವ ಸುವರ್ಣಮುಖಿ. ಹೆಸರಿರುವ ಉಪನದಿಗಳು ಇಷ್ಟೇ. ಹೆಸರಿಲ್ಲದ ಹಳ್ಳ, ಕಾಲುವೆ, ತೊರೆಗಳು ನೂರಾರು. ಅರ್ಕಾವತಿಯ ನಿಜವಾದ ಕಥೆ ಇರುವುದು ಈ ಹೆಸರಿಲ್ಲದ ಕವಲುಗಳಲ್ಲಿ.

ಇದು ದೋಣಿ ನಡೆಯುವ ಹೊಳೆಯಲ್ಲ, ಎಂದೂ ಆಗಿರಲಿಲ್ಲ. ನದಿ ಎಂದರೆ ಎರಡು ದಡದ ನಡುವೆ ಕಣ್ಣಿಗೆ ಕಾಣುವಷ್ಟು ದೂರ ಹರಿಯುವ ನೀರು ಎಂದುಕೊಂಡು ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಡುಕಿದವರಿಗೆ ನಿರಾಶೆ ಖಂಡಿತ. ಅಲ್ಲಿ ಅರ್ಕಾವತಿ ಕೆರೆಯಿಂದ ಕೆರೆಗೆ ಇಳಿಯುತ್ತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ಕೋಡಿಯ ನೀರೇ ಕೆಳಗಿನ ಕೆರೆಗೆ ಒಳಹರಿವು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಎರಡು ಕೆರೆಗಳ ನಡುವೆ ಹಳ್ಳ ಅಥವಾ ರಾಜಕಾಲುವೆ. ಮಳೆಗಾಲದ ನಾಲ್ಕು ತಿಂಗಳು ಹೊಳೆ ನೆಲದ ಮೇಲೆ ಓಡಾಡುತ್ತಿತ್ತು. ಮಿಕ್ಕ ಎಂಟು ತಿಂಗಳು ಕೆರೆಗಳಲ್ಲಿ ನಿಂತು, ಮಣ್ಣಿನೊಳಗೆ ಇಳಿದು, ಬಾವಿಗಳಲ್ಲಿ ಕಾಣಿಸಿಕೊಂಡು, ತಗ್ಗಿನ ಹಳ್ಳಗಳಲ್ಲಿ ಸಣ್ಣಗೆ ಜಿನುಗುತ್ತಿತ್ತು.

ಪ್ರಪಂಚದ ಇನ್ನೊಂದು ಮೂಲೆಯ ಹೊಳೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಸ್ವಭಾವ ಹೆಚ್ಚು ಸ್ಪಷ್ಟವಾಗುತ್ತದೆ. ಯುರೋಪಿನ ರೈನ್ ನದಿ ನೆದರ್‌ಲೆಂಡ್ಸ್ ದೇಶವನ್ನು ಹೊಕ್ಕ ಕೂಡಲೇ ಒಡೆಯುತ್ತದೆ. ಪನ್ನರ್ಡನ್ ಎಂಬ ಊರಿನ ಹತ್ತಿರ ವಾಲ್ ಎಂಬ ದೊಡ್ಡ ಕವಲು ಬೇರೆಯಾಗುತ್ತದೆ. ಉಳಿದದ್ದು ಆರ್ನ್‌ಹೆಮ್ ಬಳಿ ಮತ್ತೆ ಒಡೆದು ಕೆಳರೈನ್ ಮತ್ತು ಐಸೆಲ್ ಆಗುತ್ತದೆ. ಹಡಗುಗಳು ಓಡಾಡುವ, ಸಮುದ್ರ ಹತ್ತಿರವಾದಂತೆಲ್ಲ ಕೈಬೆರಳು ಚಾಚುವ ನದಿ ಅದು. ಒಂದು ಕಾಲಕ್ಕೆ ವಾಲ್ ಹೆಚ್ಚುಹೆಚ್ಚು ನೀರನ್ನು ಎಳೆದುಕೊಂಡು, ಐಸೆಲ್ ದಂಡೆಯ ವ್ಯಾಪಾರಿ ಪಟ್ಟಣಗಳ ಮುಂದೆ ಹೂಳು ತುಂಬಿ, ಹಡಗು ಬರುವುದು ಕಷ್ಟವಾಯಿತು. ಆಗ ಡಚ್ಚರು ಕವಲೊಡೆಯುವ ಜಾಗಕ್ಕೇ ಕೈ ಹಾಕಿದರು. 1707ರಲ್ಲಿ ಪನ್ನರ್ಡನ್ ಕಾಲುವೆ ತೆರೆಯಿತು. ಆ ಶತಮಾನ ಮುಗಿಯುವ ಮೊದಲೇ ವಾಲ್‌ಗೆ ಒಂಬತ್ತರಲ್ಲಿ ಆರು ಪಾಲು, ಕೆಳರೈನ್‌ಗೆ ಎರಡು, ಐಸೆಲ್‌ಗೆ ಒಂದು ಎಂಬ ಹಂಚಿಕೆ ಗಟ್ಟಿಯಾಯಿತು. ಇಂದಿಗೂ ಆ ಲೆಕ್ಕವನ್ನು ಕಾಯುವವರಿದ್ದಾರೆ.

ಅಲ್ಲಿ ಕವಲು ಎಂದರೆ ಹಂಚುವ ಜಾಗ, ಇಲ್ಲಿ ಕೂಡಿಸುವ ಜಾಗ. ಅಲ್ಲಿ ಒಂದು ಕವಲು ಕೆಟ್ಟರೆ ನೀರು ಇನ್ನೊಂದರಲ್ಲಿ ಹೋಗುತ್ತದೆ. ಇಲ್ಲಿ ಕವಲು ಕೆಟ್ಟರೆ ನದಿಯೇ ಇಲ್ಲ. ಹಾಗಾಗಿ ಕವಲುಗಳನ್ನು ಕಾಯುವ ಅಗತ್ಯ ನಮಗೆ ಅವರಿಗಿಂತ ಹೆಚ್ಚಾಗಿತ್ತು. ಹಿಂದಿನವರು ಅದನ್ನು ಬಲ್ಲವರಾಗಿದ್ದರು.

ಈ ಸೀಮೆಯ ಊರುಗಳನ್ನು ಕಟ್ಟಿದವರಲ್ಲಿ ಆವತಿ ನಾಡಪ್ರಭುಗಳ ಹೆಸರು ಮುಖ್ಯ. ಕಂಚಿಯ ಕಡೆಯಿಂದ ಬಂದು ದೇವನಹಳ್ಳಿಯ ಪಕ್ಕದ ಆವತಿಯಲ್ಲಿ ನೆಲೆಸಿದ ಮೊರಸು ಒಕ್ಕಲಿನ ಮನೆತನ ಅದು. 1501ರಲ್ಲಿ ಮಲ್ಲಬೈರೇಗೌಡರು ದೇವನಹಳ್ಳಿಯಲ್ಲಿ ಕೋಟೆ ಕಟ್ಟಿಸಿದರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಹುಟ್ಟೂ ಇದೇ ಮನೆತನದ ಜೊತೆ ಹೆಣೆದುಕೊಂಡಿದೆ. ಹೊಸಕೋಟೆಯನ್ನು ಕಟ್ಟಿದವರು ಸುಗಟೂರಿನ ತಮ್ಮೇಗೌಡರು, ಸುಮಾರು 1595ರಲ್ಲಿ. ಕೋಟೆಯ ಜೊತೆಗೆ ದಕ್ಷಿಣ ಪಿನಾಕಿನಿಯ ನೀರು ತಡೆದು ಹೊಸಕೋಟೆಯ ದೊಡ್ಡ ಕೆರೆಯೂ ಎದ್ದಿತು. ಅದರ ಏರಿ ಎರಡು ಮೈಲಿ ಉದ್ದ. ತುಂಬಿದಾಗ ಕೆರೆಯ ಸುತ್ತಳತೆ ಹತ್ತು ಮೈಲಿ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ.

ಕೋಟೆಗಳು ಕೈ ಬದಲಾಯಿಸಿದವು. ಹೊಸಕೋಟೆಯೊಂದನ್ನೇ ತೆಗೆದುಕೊಂಡರೆ, ಬಿಜಾಪುರದ ದಂಡಿನ ಜೊತೆ ಷಹಜಿ ಬಂದರು, ಆಮೇಲೆ ಮೊಗಲರು, ಮರಾಠರು. ಕೋಟೆಗೆ ಮುತ್ತಿಗೆ ಹಾಕಿದ್ದ ಬಸಾಲತ್ ಜಂಗ್ 1761ರಲ್ಲಿ ಹೈದರನ ಜೊತೆ ಒಪ್ಪಂದ ಮಾಡಿಕೊಂಡು ಅವನಿಗೆ ನವಾಬ ಪದವಿ ಕೊಟ್ಟ ಪ್ರಸಂಗವನ್ನು ಮೈಸೂರಿನ ಚರಿತ್ರೆ ಓದಿದವರೆಲ್ಲ ಬಲ್ಲರು. ಇಷ್ಟೆಲ್ಲ ಆಗುವಾಗ ಕೆರೆಯ ಕೆಳಗಿನ ಗದ್ದೆಗೆ ನೀರು ಬಿಡುತ್ತಿದ್ದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಕಸುಬಿಗೆ ಹೆಸರಿತ್ತು: ನೀರುಗಂಟಿ.

ನೀರುಗಂಟಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏರಿಯ ಒಳಮಗ್ಗುಲಲ್ಲಿ, ನೀರಿನ ಮಧ್ಯೆ ಎರಡು ಕಲ್ಲುಕಂಬ, ಅವುಗಳ ನಡುವೆ ಒಂದರ ಮೇಲೊಂದು ಅಡ್ಡಕಲ್ಲು ಇಂದಿಗೂ ಹಲವು ಕೆರೆಗಳಲ್ಲಿ ಕಾಣುತ್ತವೆ. ಅದೇ ತೂಬು. ಅಡ್ಡಕಲ್ಲಿನ ತೂತಿನ ಮೂಲಕ ಉದ್ದನೆಯ ಮರದ ಗಳ ಇಳಿಯುತ್ತದೆ. ಅದರ ತುದಿಯ ಗೂಟ ಕೆರೆಯ ತಳದ ಕಂಡಿಯನ್ನು ಮುಚ್ಚುತ್ತದೆ. ನೀರುಗಂಟಿ ಈಜಿ ಹೋಗಿ ಗಳವನ್ನು ಎತ್ತಿದರೆ ನೀರು ಏರಿಯ ಅಡಿಯ ಮೋರಿಯಿಂದ ಅಚ್ಚುಕಟ್ಟಿಗೆ ಹೋಗುತ್ತದೆ. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಕಾಲುವೆಯ ತುದಿಯ ಬಡವನ ತಾಕಿಗೆ ಮೊದಲೋ ತಲೆಯ ಗೌಡನ ತಾಕಿಗೆ ಮೊದಲೋ ಎಂಬುದೆಲ್ಲ ಅವನ ಬಾಯಲ್ಲಿತ್ತು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯ. ಕೆರೆ ಕಟ್ಟಿದವರಿಗೂ ಅದನ್ನು ಸುಸ್ಥಿತಿಯಲ್ಲಿ ಇಟ್ಟವರಿಗೂ ಕಟ್ಟುಕೊಡುಗೆ ಎಂದು ಭೂಮಿ ಬಿಡುತ್ತಿದ್ದುದು ನಮ್ಮ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಹೂಳು ಎತ್ತಿ ಹೊಲಕ್ಕೆ ಹೊಡೆಯುವುದು ಗೊಬ್ಬರದ ಕೆಲಸವೂ ಹೌದು, ಕೆರೆಯ ಕೆಲಸವೂ ಹೌದು. ಕೋಡಿ ಬಿದ್ದ ದಿನ ಗಂಗಮ್ಮನಿಗೆ ಪೂಜೆ, ಬಾಗಿನ, ತೆಪ್ಪೋತ್ಸವ. ಅರ್ಕಾವತಿಯ ಮೇಲೆ ತೇಲಿದ್ದೆಂದರೆ ಆ ತೆಪ್ಪ ಮಾತ್ರ.

ಈ ಏರ್ಪಾಡಿನಲ್ಲಿ ಜಾತಿಯ ಭಾರ ಇತ್ತು, ಬಿಟ್ಟಿ ದುಡಿಮೆ ಇತ್ತು. ನೀರುಗಂಟಿ, ತೋಟಿಗಳು ಬಹುಪಾಲು ದಲಿತ ಕುಟುಂಬದವರು, ಅವರ ಪಾಲಿಗೆ ಬಂದದ್ದು ಕಡಿಮೆ. ಅದನ್ನು ಬಂಗಾರದ ಕಾಲವೆಂದು ಕರೆಯುವುದು ನನ್ನಿಂದಾಗದು. ಆದರೆ ಪ್ರತಿ ಕವಲಿಗೂ ಒಬ್ಬ ಜವಾಬ್ದಾರ ಇದ್ದ ಎಂಬುದು ಮಾತ್ರ ಸತ್ಯ. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ ಆಡಳಿತವಿದ್ದಾಗ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಬರೆದ ವರದಿಯಲ್ಲಿ, ಸಂಸ್ಥಾನದ 27 ಸಾವಿರ ಚದರ ಮೈಲಿಗಳಲ್ಲಿ ಹತ್ತಿರಹತ್ತಿರ ಶೇ. 60ರಷ್ಟು ನೆಲವನ್ನು ಇಲ್ಲಿನ ಜನ ತಾಳ್ಮೆಯಿಂದ ದುಡಿದು ಕೆರೆಗಳ ವ್ಯವಸ್ಥೆಯೊಳಗೆ ತಂದಿದ್ದಾರೆ ಎಂದು ಒಪ್ಪಿಕೊಂಡ. ಹೊಸ ದೊಡ್ಡ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವ ಮಟ್ಟಿಗೆ ಹಳ್ಳಹಳ್ಳಕ್ಕೂ ಏರಿ ಬಿದ್ದಿತ್ತು.

ಅದಾಗಿ ಹತ್ತೇ ವರ್ಷಕ್ಕೆ ಧಾತು ಈಶ್ವರ ಸಂವತ್ಸರಗಳ ಬರ ಬಂತು. 1876ರಿಂದ 1878ರವರೆಗಿನ ಆ ಬರದ ಗಾತ್ರ ಜನಗಣತಿಯಲ್ಲೇ ಕಾಣುತ್ತದೆ: 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗಿತ್ತು. ಮಳೆಯೇ ಬಾರದಿದ್ದರೆ ಕೆರೆ ಏನು ಮಾಡೀತು! ಆ ವರ್ಷಗಳಲ್ಲಿ ಬಿದ್ದ ಪೆಟ್ಟು ಊರಿನ ಜನಬಲದ ಮೇಲೆ, ಅಂದರೆ ಹೂಳೆತ್ತುವ ಕೈಗಳ ಮೇಲೂ ಬಿತ್ತು. ಆ ಹೊತ್ತಿಗೆ ಕೆರೆಗಳು ಲೋಕೋಪಯೋಗಿ ಇಲಾಖೆಯ ಮತ್ತು ಕಂದಾಯ ಇಲಾಖೆಯ ಕಡತಗಳೊಳಗೆ ಹೋಗತೊಡಗಿದ್ದವು.

ಬೆಂಗಳೂರಿನ ಬಾಯಾರಿಕೆ ಕತೆಯೊಳಗೆ ಬರುವುದು ಇಲ್ಲಿಂದ. ಪೇಟೆಯ ಜನ ಧರ್ಮಾಂಬುಧಿ, ಸಂಪಂಗಿ ಕೆರೆಗಳ ನೀರನ್ನೂ ಬಾವಿ, ಕಲ್ಯಾಣಿಗಳನ್ನೂ ನೆಚ್ಚಿಕೊಂಡಿದ್ದರು. ಬ್ರಿಟಿಷ್ ದಂಡಿನವರು ಹಲಸೂರು ಕೆರೆ ಮತ್ತು ಮಿಲ್ಲರ್ ಕೆರೆಗಳನ್ನು. 1882ರಲ್ಲಿ ಸ್ಯಾಂಕಿ ಕೆರೆ ಬಂದರೂ ಸಾಲಲಿಲ್ಲ. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದ ಮೇಲೆ ಒಂದೇ ಊರಿಗೆ ಎರಡು ಸರ್ಕಾರ: ಪೇಟೆ ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. ಇಬ್ಬರಿಗೂ ಸಮನಾಗಿ ಸಾಲದೆ ಬಂದದ್ದು ನೀರು. ಕಾಲರಾ ಆಗಾಗ ಹಣಕುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಮುಖ್ಯ ಎಂಜಿನಿಯರ್ ಎಂ. ಸಿ. ಹಚಿನ್ಸ್ ಊರೊಳಗಿನ ಕೆರೆಗಳನ್ನು ಬಿಟ್ಟು ಹೊರಗೆ ನೋಡಿದರು. ವಾಯವ್ಯಕ್ಕೆ ಸುಮಾರು 18 ಕಿ.ಮೀ. ದೂರದಲ್ಲಿ, ಅರ್ಕಾವತಿಯ ದಾರಿಯಲ್ಲಿ ಹೆಸರಘಟ್ಟ ಇತ್ತು. ಅಲ್ಲಿ ಹಳೆಯ ಕೆರೆಯೊಂದು ಮೊದಲೇ ಇತ್ತು. ಅದನ್ನೇ ಎತ್ತರಿಸಿ ದೊಡ್ಡ ಜಲಾಶಯ ಮಾಡುವುದೆಂದು ನಿರ್ಧಾರವಾಯಿತು.

ಕೆಲಸ 1894ರಲ್ಲಿ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು, ವಯಸ್ಸು ಇನ್ನೂ 31. ಯೋಜನೆಗೆ ಅವರದೇ ಹೆಸರು ನಿಂತಿತು, ಚಾಮರಾಜೇಂದ್ರ ವಾಟರ್ ವರ್ಕ್ಸ್. 1896ರಲ್ಲಿ ನೀರು ನಗರಕ್ಕೆ ಬಂತು. ಬಂದ ದಾರಿಯನ್ನು ಈಗಲೂ ಹಿಂಬಾಲಿಸಬಹುದು. ಜಲಾಶಯದಿಂದ ಇಟ್ಟಿಗೆಯ ಮುಚ್ಚುಕಾಲುವೆ ಹೊರಟು, ನೆಲ ತಗ್ಗಾದ ಕಡೆ ಕಮಾನುಗಳ ಮೇಲೆ ಏರಿ, ಯಾವ ಯಂತ್ರದ ಸಹಾಯವೂ ಇಲ್ಲದೆ ತರಬನಹಳ್ಳಿಯ ಕಡೆ ಸಾಗುತ್ತದೆ. ಆ ಕಮಾನುಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಸಂದಿಯಲ್ಲಿ ಅರಳಿಗಿಡ ಬೇರು ಬಿಟ್ಟಿದ್ದರೂ ಗಾರೆ ಗಟ್ಟಿಯಾಗಿದೆ. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರದ ಪಂಪು ನೀರನ್ನು ಮೇಲಕ್ಕೆ ಒತ್ತುತ್ತಿತ್ತು. ಅಲ್ಲಿಂದ ಕಬ್ಬಿಣದ ಕೊಳವೆಯಲ್ಲಿ ಮಲ್ಲೇಶ್ವರದ ಎತ್ತರದ ದಿನ್ನೆಗೆ. ಮುಂದೆ ಅಲ್ಲಿ ಜ್ಯುವೆಲ್ ಫಿಲ್ಟರ್‌ಗಳು ಬಂದು, ಶೋಧಿಸಿದ ನೀರು ಪೇಟೆಗೂ ದಂಡಿಗೂ ಇಳಿಯಿತು. ಕೊಳಾಯಿ ತಿರುಗಿಸಿದರೆ ನೀರು ಎಂಬ ಮಾತು ಬೆಂಗಳೂರಿಗೆ ಬಂದದ್ದು ದೊಡ್ಡಬಳ್ಳಾಪುರದ ಮಳೆಯಿಂದ.

ಶೇಷಾದ್ರಿ ಅಯ್ಯರ್ ಮಾಡಿದ್ದು ದೊಡ್ಡ ಕೆಲಸ. ಆದರೆ ಅಲ್ಲಿಂದ ಒಂದು ಹೊಸ ಯೋಚನೆ ಶುರುವಾಯಿತೆಂದು ನನಗೆ ಅನಿಸುತ್ತದೆ. ಅದುವರೆಗೆ ಹೊಳೆಯ ನೀರು ಹೊಳೆಯ ಕಣಿವೆಯಲ್ಲೇ ಇರುತ್ತಿತ್ತು. ಗದ್ದೆಗೆ ಹೋದದ್ದು ಇಂಗಿ ಮತ್ತೆ ಹಳ್ಳಕ್ಕೆ ಬರುತ್ತಿತ್ತು. ಹೆಸರಘಟ್ಟದಲ್ಲಿ ಅದು ಮೊದಲ ಸಲ ಕಣಿವೆ ಬಿಟ್ಟು ದಿನ್ನೆ ಹತ್ತಿತು. ಮೊದಲ ಸಲ, ನೀರು ಬಳಸುವವರಿಗೂ ನೀರು ಕೂಡಿಸುವವರಿಗೂ ನಡುವೆ ನಂಟು ಕಡಿಯಿತು. ಮಲ್ಲೇಶ್ವರದ ಗೃಹಸ್ಥನಿಗೆ ದೊಡ್ಡಬಳ್ಳಾಪುರದ ನಾಗರಕೆರೆಯ ಮೇಲಿನ ಹಳ್ಳದಲ್ಲಿ ಹೂಳು ತುಂಬಿದರೆ ಏನು, ತುಂಬದಿದ್ದರೆ ಏನು? ಹೆಸರಘಟ್ಟದ ಮೇಲೆ ದೊಡ್ಡಬಳ್ಳಾಪುರ ಸೀಮೆಯ ಕೆರೆಗಳ ಸಾಲೇ ಇತ್ತು. ಅವು ತುಂಬಿ ಕೋಡಿ ಬಿದ್ದ ಮೇಲಷ್ಟೇ ಹೆಸರಘಟ್ಟಕ್ಕೆ ನೀರು. ನಗರ ಅಳೆದದ್ದು ಕೊನೆಯ ಕಟ್ಟೆಯಲ್ಲಿ ಎಷ್ಟು ಅಡಿ ನಿಂತಿದೆ ಎಂಬುದನ್ನು ಮಾತ್ರ.

ಮೂವತ್ತು ವರ್ಷಕ್ಕೇ ಅದರ ಮಿತಿ ಕಂಡಿತು. 1920ರ ದಶಕದ ನಡುವೆ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಹೊಸ ಮೂಲ ಹುಡುಕಿ, ಅರ್ಕಾವತಿಯಲ್ಲೇ ಇನ್ನಷ್ಟು ಕೆಳಗೆ ಇಳಿದು, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯನ್ನು ತೋರಿಸಿತು. ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ, 1933ರಲ್ಲಿ, ಚಾಮರಾಜಸಾಗರ ಸಿದ್ಧವಾಯಿತು. ಇದರ ಜಲಾನಯನ ಸುಮಾರು 1,450 ಚದರ ಕಿ.ಮೀ. ಒಂದು ಹೊಳೆಯ ನೀರು ಸಾಲದಿದ್ದಾಗ ಎರಡು ಹೊಳೆ ಕೂಡುವ ಜಾಗಕ್ಕೆ ಹೋಗುವ ಲೆಕ್ಕ ಸರಿಯಾದದ್ದೇ. ನಲವತ್ತು ವರ್ಷ ಆ ಲೆಕ್ಕ ಬೆಂಗಳೂರನ್ನು ಸಾಕಿತು.

ಹೀಗೆ ನೆಲಮಂಗಲವೂ ನಗರದ ನೀರಿನ ಪಾಲುದಾರನಾಯಿತು. ಕುಮುದ್ವತಿ ಹುಟ್ಟುವ ಶಿವಗಂಗೆ ಬರೀ ಬಂಡೆಯ ಬೆಟ್ಟ. ಬೆಟ್ಟದ ಮೇಲಿನ ಒಳಕಲ್ಲು ತೀರ್ಥಕ್ಕೆ ಕೈ ಹಾಕಿ ನೀರು ಸಿಕ್ಕಿದರೆ ಪುಣ್ಯವೆಂದು ನಂಬಿದ ಜನ ಶತಮಾನಗಳಿಂದ ಹತ್ತುತ್ತಿದ್ದಾರೆ. ಆ ಬಂಡೆಯ ಮೇಲೆ ಬಿದ್ದ ಮಳೆ ಬುಡದ ಕುಂಟೆ, ಗೋಕಟ್ಟೆಗಳಿಗೆ ಇಳಿದು, ಅಲ್ಲಿಂದ ಹೊಳೆಯಾಗಿ ತಿಪ್ಪಗೊಂಡನಹಳ್ಳಿಗೆ ನಡೆಯುತ್ತಿತ್ತು. ದೂರ ಹೆಚ್ಚಿಲ್ಲ. ಅಷ್ಟು ದೂರದಲ್ಲೇ ಮುಂದೆ ಹೆದ್ದಾರಿ, ಗೋದಾಮು, ಬಡಾವಣೆಗಳು ಬಂದು ಕೂತವು.

1964ರಲ್ಲಿ ಬೆಂಗಳೂರು ಜಲಮಂಡಳಿ ಸ್ಥಾಪನೆಯಾಯಿತು. ಹತ್ತು ವರ್ಷದ ಬಳಿಕ 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಹತ್ತಿರಹತ್ತಿರ 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಎತ್ತಿದ ನೀರು. ಆಮೇಲೆ ಹಂತದ ಮೇಲೆ ಹಂತ. ಐದನೆಯದು 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಕಾವೇರಿ ಬಂದ ಮೇಲೆ ಅರ್ಕಾವತಿ ನಗರದ ಮನಸ್ಸಿನಿಂದ ಜಾರಿತು. ನೀರುಗಂಟಿಯನ್ನು ಮೊದಲೇ ಕಳೆದುಕೊಂಡಿದ್ದ ಕವಲುಗಳು ಈಗ ನಗರದ ಎಂಜಿನಿಯರನ ಗಮನವನ್ನೂ ಕಳೆದುಕೊಂಡವು.

ಇದೇ ಕಾಲಕ್ಕೆ ಹಳ್ಳಿಯೊಳಗೂ ಒಂದು ಬದಲಾವಣೆ ಆಗುತ್ತಿತ್ತು. ಕಪಿಲೆ ಕಟ್ಟಿ ಎತ್ತು ಹೂಡಿ ನೀರೆತ್ತುತ್ತಿದ್ದ ಬಾವಿಗೆ ಕರೆಂಟಿನ ಪಂಪು ಬಂತು. ಆಮೇಲೆ ಬಾವಿಯ ತಳದಲ್ಲೇ ಬೋರು ಕೊರೆದರು, ಆಮೇಲೆ ಬಾವಿ ಬಿಟ್ಟು ಹೊಲದ ನಡುವೆ. ಮೊದಲು ನೂರು ಅಡಿ, ಈಗ ಸಾವಿರ ದಾಟಿದೆ. ಬೋರಿನಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ರೈತ ಬದುಕಿದ. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು ಬೆಳೆದು ಮಕ್ಕಳನ್ನು ಓದಿಸಿದ. ಅವನನ್ನು ದೂರುವ ಹಕ್ಕು ಕಾವೇರಿ ನೀರು ಕುಡಿಯುವವರಿಗೆ ಇಲ್ಲ. ನೀರೂ ಕೂಲಿಯಾಳೂ ಸಿಗದ ಹೊಲಗಳಿಗೆ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಯೋಜನೆಯ ಜೊತೆ ನೀಲಗಿರಿ ಬಂತು. ರಾಗಿ ಬೆಳೆಯುತ್ತಿದ್ದ ಎತ್ತರದ ಹೊಲಗಳಲ್ಲಿ ಸಾಲುಸಾಲು ನೀಲಗಿರಿ ಎದ್ದಿತು. ಸರ್ಕಾರ ಅದನ್ನು ಬೆಳೆಯಬಾರದೆಂದು ಆದೇಶಿಸಿದ್ದು 2017ರಲ್ಲಿ.

ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷವರ್ಷಕ್ಕೂ ಇಳಿಯಿತು. ಏಕೆಂದು ಕೇಳಿದರೆ ಎಲ್ಲರೂ ಆಕಾಶ ತೋರಿಸುತ್ತಿದ್ದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಜೊತೆಗಾರರು ಈ ಪ್ರಶ್ನೆಯನ್ನೇ ಹಿಡಿದು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಳೆಯ ದಾಖಲೆಗಳನ್ನು ತಿರುವಿ ನೋಡಿದರೆ ಹೊಳೆ ಬತ್ತಿದ್ದಕ್ಕೆ ಸರಿಹೊಂದುವಷ್ಟು ಮಳೆ ಕಡಿಮೆಯಾಗಿರಲಿಲ್ಲ. ಕಾರಣ ನೆಲದೊಳಗಿತ್ತು. ಅಂತರ್ಜಲ ಮೇಲೇ ಇದ್ದ ಕಾಲದಲ್ಲಿ ಅದು ಹಳ್ಳದ ತಳದಿಂದ ಜಿನುಗಿ ಹೊಳೆಯನ್ನು ಬೇಸಿಗೆಯವರೆಗೂ ನಡೆಸುತ್ತಿತ್ತು. ಬೋರುಗಳು ಅದನ್ನು ನೂರಾರು ಅಡಿ ಕೆಳಗೆ ಇಳಿಸಿದ ಮೇಲೆ ಜಿನುಗು ನಿಂತಿತು. ಮಳೆ ಬಂದಾಗಲೂ ಒಣ ಹಳ್ಳ ಮೊದಲು ತಾನೇ ಕುಡಿಯತೊಡಗಿತು. ನೀಲಗಿರಿಯ ಬೇರು ಮಣ್ಣಿನ ತೇವವನ್ನು ಹೀರಿತು. ಅಡಿಗಡಿಗೆ ಕಟ್ಟಿದ ಚೆಕ್‌ಡ್ಯಾಮುಗಳು ಉಳಿದದ್ದನ್ನು ಅಲ್ಲಲ್ಲೇ ತಡೆದವು. ಅಂದರೆ ಅರ್ಕಾವತಿ ಒಣಗಿದ್ದು ಕೊನೆಯ ಕಟ್ಟೆಯಲ್ಲಲ್ಲ. ಮೊದಲ ಹಳ್ಳದಲ್ಲಿ, ಊರೂರಿನ ರಾಜಕಾಲುವೆಯಲ್ಲಿ. ಮರದ ಎಲೆ ಉದುರಿದಾಗ ಬೇರು ನೋಡುವಂತೆ ಈ ಅಧ್ಯಯನ ಹೊಳೆಯನ್ನು ನೋಡಿತು.

ನೀರಿಲ್ಲದ ಕವಲಿಗೆ ಬೇರೆಯದು ಬಂದು ತುಂಬಿತು. ದೊಡ್ಡಬಳ್ಳಾಪುರ ನೇಕಾರರ ಊರು, ಆಮೇಲೆ ಬಾಶೆಟ್ಟಿಹಳ್ಳಿಯ ಕಡೆ ಕೈಗಾರಿಕಾ ಪ್ರದೇಶವೂ ಬೆಳೆಯಿತು. ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಇಳಿದು ನಿಂತದ್ದು ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಲ್ಲಿ. ಅವು ಅರ್ಕಾವತಿಯದೇ ಕೆರೆಗಳು, ಹೆಸರಘಟ್ಟದ ಮೇಲಿನ ಸಾಲಿನವು. ಸುತ್ತಲಿನ ಹಳ್ಳಿಗಳ ಬಾವಿ, ಬೋರುಗಳ ನೀರು ಕೆಟ್ಟಿತು. ಕುಡಿಯುವ ನೀರು ಬೇರೆ ಕೊಡಿ, ಕೊಳಚೆಯನ್ನು ಸರಿಯಾಗಿ ಶುದ್ಧೀಕರಿಸಿ ಎಂದು ಆ ಊರುಗಳ ಹೆಂಗಸರು ಗಂಡಸರು ವರ್ಷಗಟ್ಟಲೆ ಧರಣಿ ಕೂತರು, ಪಾದಯಾತ್ರೆ ಮಾಡಿದರು. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲೆಂದೇ ಸರ್ಕಾರ 2003ರ ನವೆಂಬರಿನಲ್ಲಿ ವಲಯಗಳನ್ನು ಗುರುತಿಸಿ ಅಧಿಸೂಚನೆ ಹೊರಡಿಸಿತ್ತು. ಆ ಅಧಿಸೂಚನೆಯ ಗೆರೆಗಳು ಈ ಕೆರೆಗಳ ಮೇಲೂ ಹಾಯುತ್ತವೆ.

ಕೆಳಗೆ ವೃಷಭಾವತಿಯ ಕತೆ ಇನ್ನೂ ಸುತ್ತುಬಳಸು. ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳು ಬಳಸಿ ಬಿಟ್ಟ ಕಾವೇರಿ ನೀರು ವೃಷಭಾವತಿಗೆ ಇಳಿದು, ಬೈರಮಂಗಲ ಕೆರೆಯಲ್ಲಿ ನೊರೆ ಕಟ್ಟಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಹೋಗುತ್ತದೆ. ತೊರೆಕಾಡನಹಳ್ಳಿಯಲ್ಲಿ ಅಷ್ಟು ಎತ್ತರಕ್ಕೆ ಎತ್ತಿದ ನೀರು ಕೊಳೆ ಹೊತ್ತು ಅದೇ ನದಿಗೆ, ಕೆಳಗಿನವರ ಪಾಲಿಗೆ. ಪೂರ್ವ ದಿಕ್ಕಿನಲ್ಲೂ ಇದೇ: ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನಲ್ಲಿ ತೇಲುವುದನ್ನು ಎರಡೂ ರಾಜ್ಯಗಳ ಪತ್ರಿಕೆಗಳು ಮತ್ತೆಮತ್ತೆ ಮುದ್ರಿಸಿವೆ. ಪಿನಾಕಿನಿಯ ನೀರಿನ ಹಂಚಿಕೆಯ ಬಗ್ಗೆ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ವಾದದ ಬುಡದಲ್ಲಿ ಮದರಾಸಿಗೂ ಮೈಸೂರಿಗೂ 1892ರಲ್ಲಿ ಆದ ಒಪ್ಪಂದವಿದೆ. ಎಷ್ಟು ನೀರು ಎಂಬುದಕ್ಕೆ 1892ರಿಂದ ಕಾಗದ ಇದೆ. ಎಂಥ ನೀರು ಎಂಬುದಕ್ಕೆ ಆ ಕಾಗದದಲ್ಲಿ ಜಾಗವಿಲ್ಲ.

2022ರ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ಹೆಸರಘಟ್ಟಕ್ಕೆ ದಶಕಗಳ ಮೇಲೆ ಕಣ್ತುಂಬುವಷ್ಟು ನೀರು ಬಂತು. ಕಾರು ಬೈಕು ಕಟ್ಟಿಕೊಂಡು ಜನ ನೋಡಲು ಹೋದರು. ಹಳ್ಳಿಗಳಲ್ಲಿ ಬಾಗಿನ ಬಿಟ್ಟರು, ತೆಪ್ಪ ಕಟ್ಟಿದರು. ಆ ವರ್ಷ ನೀರು ಹಳೆಯ ದಾರಿಯನ್ನು ಹುಡುಕಿಕೊಂಡೇ ನಡೆಯಿತು. ಹಳ್ಳ ಮುಚ್ಚಿ ಸೈಟು ಮಾಡಿದ ಕಡೆ ಮನೆಯೊಳಗೆ ನುಗ್ಗಿತು, ಕಾಲುವೆ ಒತ್ತುವರಿಯಾದ ಕಡೆ ರಸ್ತೆ ಕೊಚ್ಚಿತು. ಇಂಥ ಮಳೆ ಬಂದರೆ ಈ ಹೊಳೆ ಇನ್ನೂ ನಡೆಯಬಲ್ಲದು ಎಂಬುದು ಗೊತ್ತಾಯಿತು. ಅದರ ದಾರಿಯನ್ನು ಯಾರು ಎಲ್ಲಿ ಮುರಿದಿದ್ದಾರೆ ಎಂಬುದೂ.

ಈಗ ಈ ಸೀಮೆ ಕಾಯುತ್ತಿರುವುದು ದೂರದ ನೀರಿಗೆ. ಪಶ್ಚಿಮ ಘಟ್ಟದಿಂದ ವರ್ಷಕ್ಕೆ 24 ಟಿಎಂಸಿ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಚಾಲೂ ಆಯಿತು. ಅದರ ನೀರು ಕೋಲಾರ, ಚಿಕ್ಕಬಳ್ಳಾಪುರಗಳ ಜೊತೆಗೆ ದೊಡ್ಡಬಳ್ಳಾಪುರ, ದೇವನಹಳ್ಳಿಯ ಕೆರೆಗಳಿಗೂ ಬರಬೇಕಾಗಿದೆ. ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರಿನಿಂದ ನೆಲಮಂಗಲದ ಕೆರೆಗಳನ್ನು ತುಂಬಿಸುವ ಯೋಜನೆಯೂ ನಡೆದಿದೆ. ಬರಲಿ, ಬಾಯಾರಿದ ಊರಿಗೆ ನೀರು ಬೇಡ ಎನ್ನುವವರಾರು? ಆದರೆ ಯಾವ ನೀರು ಬಂದರೂ ಸುರಿಯಬೇಕಾದದ್ದು ಇದೇ ಕೆರೆಗಳಿಗೆ, ಹರಿಯಬೇಕಾದದ್ದು ಇದೇ ರಾಜಕಾಲುವೆಗಳಲ್ಲಿ. ಊರೂರಿನ ಗ್ರಾಮನಕಾಶೆಯಲ್ಲಿ ಪ್ರತಿ ಹಳ್ಳದ ಗೆರೆ, ಪ್ರತಿ ಕಾಲುವೆಯ ಅಗಲ ಇಂದಿಗೂ ಇದೆ. ಸರ್ವೇಯರ್ ಒಬ್ಬನನ್ನು ಸರಪಳಿ ಕೊಟ್ಟು ಕಳಿಸಿ, ನಂದಿಯ ಬುಡದಿಂದ ಹೆಸರಘಟ್ಟದವರೆಗೆ ಕೆರೆಯಿಂದ ಕೆರೆಗೆ ಅಳೆಸಿ, ಗಡಿಕಲ್ಲು ನೆಡಿಸುವ ಕೆಲಸ ಎತ್ತಿನಹೊಳೆಯ ಖರ್ಚಿನ ಮುಂದೆ ಏನೂ ಅಲ್ಲ. ಅದನ್ನು ಮೊದಲು ಮಾಡಬೇಕು. ಕಲ್ಲು ನೆಟ್ಟ ಮೇಲೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿಯನ್ನು, ಈ ಸಲ ಸರಿಯಾದ ಸಂಬಳ ಕೊಟ್ಟು, ನೇಮಿಸಬೇಕು.